ಗಾಡಿ ಬರುವಷ್ಟರಲ್ಲಿ ಆದ ವಡೆ

ಬೆಂಗಳೂರು–ಮೈಸೂರು ರೈಲಿನಲ್ಲಿ ಮದ್ದೂರು ಬರುವುದಕ್ಕೆ ಮೊದಲೇ ಮದ್ದೂರು ವಡೆ ಬಂದುಬಿಡುತ್ತದೆ. ಚನ್ನಪಟ್ಟಣ ದಾಟುತ್ತಿದ್ದಂತೆ ಬೋಗಿಯ ಆ ತುದಿಯಿಂದ ‘ವಡೆ, ವಡೆ, ಮದ್ದೂರು ವಡೇ’ ಎಂಬ ರಾಗ ಶುರುವಾಗುತ್ತದೆ. ನಿಂತವರ ಸಂದಿಯಲ್ಲೇ ದಾರಿ ಮಾಡಿಕೊಂಡು ಬುಟ್ಟಿ ಮುಂದೆ ಬರುತ್ತದೆ. ಈ ವಡೆಯ ರುಚಿ ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಆದರೆ ಇದು ಹೀಗೇಕಿದೆ, ಅಂದರೆ ಅಂಗೈಯಗಲ, ತೆಳ್ಳಗೆ, ಗರಿಗರಿಯಾಗಿ, ಚಟ್ನಿ ಸಾಂಬಾರಿನ ಹಂಗಿಲ್ಲದೆ ಏಕಿದೆ ಎಂದು ಕೇಳುವವರೂ ಅಷ್ಟೇ ಕಡಿಮೆ. ಉತ್ತರ ಹುಡುಕುತ್ತಾ ಹೋದರೆ ಅಡುಗೆ ಪುಸ್ತಕಕ್ಕಿಂತ ರೈಲಿನ ವೇಳಾಪಟ್ಟಿಯೇ ಹೆಚ್ಚು ನೆರವಿಗೆ ಬರುತ್ತದೆ.

ಮೈಸೂರು ಸಂಸ್ಥಾನವನ್ನು ಹಣ್ಣುಗಾಯಿ ಮಾಡಿದ 1876–78ರ ಬರದ ಬೆನ್ನಿಗೇ ಬೆಂಗಳೂರಿನಿಂದ ಮೈಸೂರಿನ ಕಡೆಗೆ ಮೀಟರ್ ಗೇಜ್ ಹಳಿ ಹಾಸುವ ಕೆಲಸ ನಡೆಯಿತು. ಹಂತ ಹಂತವಾಗಿ ತೆರೆದ ಮಾರ್ಗ 1882ರಲ್ಲಿ ಮೈಸೂರು ಮುಟ್ಟಿತು. ನಡುದಾರಿಯ ಮದ್ದೂರಿಗೂ ನಿಲ್ದಾಣ ಬಂತು. ಆಗಿನ ಮದ್ದೂರನ್ನು ಈಗಿನ ಕಬ್ಬು, ಭತ್ತ, ಎಳನೀರಿನ ಮದ್ದೂರೆಂದು ಭಾವಿಸಬಾರದು. ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದದ್ದೇ 1911ರಲ್ಲಿ. ನಾಲೆಯ ನೀರು ಈ ಸೀಮೆಯ ಗದ್ದೆಗಳಿಗೆ ಹರಿದದ್ದು ಮೂವತ್ತರ ದಶಕದಲ್ಲಿ. ಮೈಸೂರು ಸಕ್ಕರೆ ಕಂಪನಿ ಮಂಡ್ಯಕ್ಕೆ ಬಂದದ್ದು 1933ರಲ್ಲಿ, ಮಂಡ್ಯ ಬೇರೆ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೆ ಮುಂಚೆ ಮದ್ದೂರು ಶಿಂಷಾ ನದಿಯ ದಡದ, ಮೈಸೂರು ಜಿಲ್ಲೆಗೆ ಸೇರಿದ ಒಂದು ಊರು, ಅಷ್ಟೆ. ಹಗಲಿನಲ್ಲಿ ಅಲ್ಲಿ ನಾಲ್ಕು ಕಾಸು ಒಟ್ಟಿಗೆ ಓಡಾಡುವ ಜಾಗವೆಂದರೆ ರೈಲು ನಿಲ್ದಾಣ. ಅದೂ ಗಾಡಿ ನಿಂತಷ್ಟು ಹೊತ್ತು ಮಾತ್ರ.

ಆ ನಿಲ್ದಾಣದಲ್ಲಿ ಸಸ್ಯಾಹಾರದ ಉಪಾಹಾರ ಕೊಠಡಿ ನಡೆಸುತ್ತಿದ್ದವರು ಕುಂದಾಪುರ ಕಡೆಯ ರಾಮಚಂದ್ರ ಬುಧ್ಯ. ಇಡ್ಲಿ, ಪಕೋಡ ಮಾಡಿ ಗಾಡಿ ನಿಂತಾಗ ಪ್ರಯಾಣಿಕರಿಗೆ ಮಾರುವುದು ಅವರ ಕಸುಬು. 1917ರ ಒಂದು ದಿನ ಪಕೋಡಕ್ಕೆ ಹಿಟ್ಟು ಕಲಸಿಟ್ಟಿದ್ದಾರೆ, ಅಷ್ಟರಲ್ಲಿ ಗಾಡಿ ಬರುವ ಹೊತ್ತಾಗಿಬಿಟ್ಟಿದೆ. ಚೂರು ಚೂರಾಗಿ ಎಣ್ಣೆಗೆ ಬಿಟ್ಟು ಕರಿದು ತೆಗೆಯುವಷ್ಟು ವೇಳೆ ಇಲ್ಲ. ಬುಧ್ಯರು ಹಿಟ್ಟನ್ನು ಕೈಯಲ್ಲಿ ಅಗಲವಾಗಿ ತಟ್ಟಿ ಬಾಣಲೆಗೆ ಇಳಿಸಿದರು. ಬೆಂದದ್ದನ್ನು ಬೆಂದ ಹಾಗೆ ತೆಗೆದು ಮಾರಿದರು. ತಿಂದವರು ಮರುದಿನವೂ ಅದನ್ನೇ ಕೇಳಿದರು. ಮದ್ದೂರಿನವರು ಇಂದಿಗೂ ಹೇಳುವ, ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚಾಗಿರುವ ಕಥೆ ಇದು. 2017ಕ್ಕೆ ವಡೆಗೆ ನೂರು ತುಂಬಿತು.

ಇದನ್ನು ‘ಆಕಸ್ಮಿಕ’ ಎಂದು ಕರೆಯುವ ರೂಢಿ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಗಾಡಿಗೆ ಮೊದಲೇ ಕೆಲಸ ಮುಗಿಯದೆ ಕೈಕೈ ಹಿಸುಕಿಕೊಂಡ ಮಾರಾಟಗಾರರು ಈ ದೇಶದ ಪ್ರತಿ ನಿಲ್ದಾಣದಲ್ಲೂ ಇದ್ದರು. ಅಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಎರಡೇ: ಉರಿ ಹೆಚ್ಚಿಸುತ್ತಾರೆ, ಇಲ್ಲವೇ ಹುಡುಗರನ್ನು ಗದರುತ್ತಾರೆ. ಬುಧ್ಯರು ಉರಿಯನ್ನೂ ಹುಡುಗರನ್ನೂ ಬಿಟ್ಟು ಹಿಟ್ಟಿನ ಆಕಾರಕ್ಕೆ ಕೈ ಹಾಕಿದರು. ಬಾಣಲೆ ಮುಂದೆ ವರ್ಷಗಟ್ಟಲೆ ನಿಂತವರಿಗೆ ಮಾತ್ರ ಹೊಳೆಯುವ ಮಾತು ಅದು.

ಪಕೋಡ ಉಂಡೆಯುಂಡೆಯಾಗಿರುತ್ತದೆ. ಉರಿ ಜೋರಾದರೆ ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಹಿಟ್ಟನ್ನು ಬೆರಳಿನಿಂದ ಒಂದೊಂದಾಗಿ ಬಿಡಬೇಕು, ಜಾಲರಿಯಲ್ಲಿ ತಿರುವುತ್ತಲೇ ಇರಬೇಕು. ತಟ್ಟಿ ತೆಳ್ಳಗೆ ಮಾಡಿದರೆ ಶಾಖ ಎರಡೂ ಕಡೆಯಿಂದ ನಡುವಿಗೆ ಬೇಗ ತಲುಪುತ್ತದೆ, ಒಮ್ಮೆ ಮಗುಚಿದರೆ ಮುಗಿಯಿತು. ಇನ್ನೂ ಒಂದು ಅನುಕೂಲವಿದೆ, ಅದನ್ನು ಯಾರೂ ಅಷ್ಟಾಗಿ ಗಮನಿಸಿಲ್ಲ. ಪಕೋಡ ತೂಕದ ಸರಕು. ಅದಕ್ಕೆ ತಕ್ಕಡಿ ಬೇಕು, ಹೆಚ್ಚಾಯಿತು ಕಡಿಮೆಯಾಯಿತು ಎಂಬ ಮಾತು ಬರುತ್ತದೆ. ವಡೆ ಎಣಿಕೆಯ ಸರಕು. ಕಿಟಕಿಯಿಂದ ಕೈ ಹೊರಗೆ ಚಾಚಿದವರಿಗೆ ಎರಡೋ ನಾಲ್ಕೋ ಇಟ್ಟು ಕಾಸು ತೆಗೆದುಕೊಂಡರೆ ವ್ಯಾಪಾರ ಚುಕ್ತಾ. ಸೀಟಿ ಊದಿದ ಮೇಲೂ ನಾಲ್ಕು ಜನಕ್ಕೆ ಕೊಡಬಹುದು.

ಉದ್ದಿನ ವಡೆಯ ಜೊತೆ ಇಟ್ಟು ನೋಡಿದರೆ ಉಳಿತಾಯ ಇನ್ನೂ ಸ್ಪಷ್ಟ. ಉದ್ದಿನ ವಡೆಗೆ ಬೇಳೆ ನೆನೆಯಬೇಕು, ರುಬ್ಬುಗುಂಡು ತಿರುಗಬೇಕು, ಹದ ತಪ್ಪಿದರೆ ಎಣ್ಣೆ ಕುಡಿಯುತ್ತದೆ. ಬಿಸಿ ಆರಿದರೆ ಅದು ಪೆಚ್ಚು. ಚಟ್ನಿಯಿಲ್ಲದೆ ಗಂಟಲಲ್ಲಿ ಇಳಿಯುವುದು ಕಷ್ಟ. ಚಟ್ನಿ ಕೊಟ್ಟರೆ ಎಲೆಯೋ ತಟ್ಟೆಯೋ ಕೊಡಬೇಕು. ತಟ್ಟೆ ಕೊಟ್ಟರೆ ಗಾಡಿ ಹೊರಡುವ ಮೊದಲು ಅದನ್ನು ವಾಪಸು ಈಸಿಕೊಳ್ಳಬೇಕು, ತೊಳೆಯುವುದಕ್ಕೆ ಒಂದು ಆಳು ಬೇಕು. ಮದ್ದೂರು ವಡೆಯ ಹಿಟ್ಟಿಗೆ ನೆನೆಸುವುದೂ ಇಲ್ಲ, ರುಬ್ಬುವುದೂ ಇಲ್ಲ. ಉಪ್ಪು, ಖಾರ, ಈರುಳ್ಳಿ ಎಲ್ಲ ಒಳಗೇ ಇರುವುದರಿಂದ ನೆಂಚಿಕೊಳ್ಳಲು ಮತ್ತೇನೂ ಬೇಡ. ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ತಿನ್ನಬಹುದು. ನೀರಿನ ಅಂಶ ಕಡಿಮೆ ಇರುವ ಕಾರಣ ಬೆಳಿಗ್ಗೆ ಕರಿದದ್ದು ಸಂಜೆಯ ಗಾಡಿಗೂ ನಡೆಯುತ್ತದೆ. ಗಾಡಿ ತಡವಾದರೆ ಮಾಲು ಹಾಳಾಗುವುದಿಲ್ಲ, ಬೇಗ ಬಂದರೆ ಗಾಬರಿಯಿಲ್ಲ. ಅವಸರದಲ್ಲಿ ಹುಟ್ಟಿದ ತಿಂಡಿ ಅಡುಗೆಮನೆಯಿಂದ ಅವಸರವನ್ನೇ ಹೊರಗೆ ಕಳಿಸಿತು.

ಇದೇ ಕಾಲದಲ್ಲಿ ಅಮೆರಿಕದಲ್ಲಿ ಕೆಲಸವನ್ನು ಸರಳಗೊಳಿಸುವುದು ಒಂದು ಶಾಸ್ತ್ರವಾಗಿ ಬೆಳೆಯುತ್ತಿತ್ತು. ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರ್ ಕಾರ್ಖಾನೆಯ ಆಳುಗಳ ಪ್ರತಿ ಚಲನೆಯನ್ನು ಗಡಿಯಾರ ಹಿಡಿದು ಅಳೆದು 1911ರಲ್ಲಿ ಪುಸ್ತಕ ಬರೆದ. 1913ರಲ್ಲಿ ಹೆನ್ರಿ ಫೋರ್ಡ್ ಕಾರನ್ನು ಆಳುಗಳ ಬಳಿಗೆ ತರುವ ಚಲಿಸುವ ಪಟ್ಟಿ ಹಾಕಿಸಿದ. ಹನ್ನೆರಡು ತಾಸಿಗೂ ಮೀರಿ ಹಿಡಿಯುತ್ತಿದ್ದ ಜೋಡಣೆ ಒಂದೂವರೆ ತಾಸಿನ ಆಸುಪಾಸಿಗೆ ಇಳಿಯಿತು. ದೊಡ್ಡ ಸಾಧನೆ, ಸುಳ್ಳಲ್ಲ. ಆದರೆ ಟೇಲರನ ಏರ್ಪಾಟಿನಲ್ಲಿ ಯೋಚಿಸುವವರು ಬೇರೆ, ದುಡಿಯುವವರು ಬೇರೆ. ಮದ್ದೂರಿನಲ್ಲಿ ಎರಡೂ ಒಂದೇ ಕೈ. ಒಲೆ ಬುಧ್ಯರದು, ಹಿಟ್ಟು ಅವರದು, ನಷ್ಟವಾದರೆ ಅದೂ ಅವರದೇ. ಯಾರ ಅಪ್ಪಣೆಗೂ ಕಾಯಬೇಕಿರಲಿಲ್ಲ. ನಮ್ಮ ಕಚೇರಿ, ಬ್ಯಾಂಕು, ಆಸ್ಪತ್ರೆಗಳಲ್ಲಿ ಯಾವ ಅರ್ಜಿ ದಂಡ, ಯಾವ ಸಹಿ ವ್ಯರ್ಥ ಎಂಬುದು ಕೌಂಟರಿನಲ್ಲಿ ಕೂತವರಿಗೆ ಚೆನ್ನಾಗಿಯೇ ಗೊತ್ತಿರುತ್ತದೆ. ಅದನ್ನು ತೆಗೆದುಹಾಕುವ ಅಧಿಕಾರ ಅವರಿಗಿರುವುದಿಲ್ಲ. ಕೆಲಸ ಹಗುರವಾಗದಿರಲು ನಾನು ಕಂಡ ದೊಡ್ಡ ಕಾರಣ ಇದೇ. ಪಹಣಿಗಾಗಿ ಗ್ರಾಮಲೆಕ್ಕಿಗರ ಹಿಂದೆ ಅಲೆಯುತ್ತಿದ್ದ ರೈತ ‘ಭೂಮಿ’ ಯೋಜನೆ ಬಂದ ಮೇಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲೇ ಅದನ್ನು ಪಡೆಯುವಂತಾದ. ಹಾಗೆ ಒಂದು ಸುತ್ತು ತಪ್ಪಿಸಲು ಸರ್ಕಾರಕ್ಕೆ ಎಷ್ಟು ದಶಕ ಬೇಕಾಯಿತು ನೋಡಿ.

ಕರಾವಳಿಯಿಂದ ಘಟ್ಟ ಹತ್ತಿ ಬಂದ ಹೋಟೆಲಿನವರಿಗೆ ಈ ಬುದ್ಧಿ ಬಳುವಳಿಯಾಗಿ ಬಂದಂತಿದೆ. ಕುಂದಾಪುರದ ಪಕ್ಕದ ಕೋಟ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹೋಟೆಲೇ ಮುಂದೆ ಎಂಟಿಆರ್ ಆಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ಅಲ್ಲಿ ರವೆ ಇಡ್ಲಿ ಹುಟ್ಟಿತು. ತುರ್ತುಪರಿಸ್ಥಿತಿಯಲ್ಲಿ ತಿಂಡಿಯ ದರಕ್ಕೆ ಸರ್ಕಾರ ಕಡಿವಾಣ ಹಾಕಿ ಹೋಟೆಲು ನಡೆಸುವುದೇ ಅಸಾಧ್ಯವಾದಾಗ ಅವರು ದಿಢೀರ್ ಮಿಶ್ರಣಗಳ ಪೊಟ್ಟಣಕ್ಕೆ ಕೈ ಹಾಕಿದರು. 80ರ ದಶಕದಲ್ಲಿ ಆರ್. ಪ್ರಭಾಕರ್ ಬೆಂಗಳೂರಿನಲ್ಲಿ ರೂಢಿಗೆ ತಂದ ದರ್ಶಿನಿ ಹೋಟೆಲುಗಳು ಕುರ್ಚಿಯನ್ನೂ ಬಡಿಸುವವರನ್ನೂ ತೆಗೆದು, ಟೋಕನ್ ಕೊಟ್ಟು, ನಿಂತು ತಿನ್ನುವುದನ್ನು ಕಲಿಸಿದವು. ಸಂಕಟ ಬಂದಾಗ ಏನನ್ನು ಬಿಡಬಹುದು ಎಂದು ನೋಡುವ ಈ ಗುಣಕ್ಕೆ ನನಗೆ ತಿಳಿದ ಮಟ್ಟಿಗೆ ಮದ್ದೂರಿನ ಪ್ಲಾಟ್‌ಫಾರಂ ಹಳೆಯ ಸಾಕ್ಷಿ.

ವಡೆಯ ಇಂದಿನ ಹದ ಹೀಗಿದೆ. ಅಕ್ಕಿ ಹಿಟ್ಟು, ಮೈದಾ, ರವೆ ಮೂರೂ ಸೇರಬೇಕು. ಅಕ್ಕಿ ಹಿಟ್ಟಿನಿಂದ ಗರಿ, ರವೆಯಿಂದ ಕರುಂಕುರುಂ, ಮೈದಾದಿಂದ ಅಂಟು. ಈರುಳ್ಳಿಯನ್ನು ಉದ್ದುದ್ದಕ್ಕೆ ತೆಳ್ಳಗೆ ಹೆಚ್ಚಿ, ಉಪ್ಪು ಹಾಕಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೊಪ್ಪಿನ ಜೊತೆ ಕೈಯಲ್ಲಿ ಹಿಸುಕುತ್ತಾರೆ. ಈರುಳ್ಳಿ ಬಿಟ್ಟುಕೊಂಡ ನೀರೇ ಹಿಟ್ಟಿನ ಅರ್ಧ ಭಾಗವನ್ನು ಕಲಸಿಬಿಡುತ್ತದೆ. ಕಾದ ಎಣ್ಣೆಯನ್ನೋ ತುಪ್ಪವನ್ನೋ ಹಿಟ್ಟಿಗೆ ಸುರಿದು ಉಜ್ಜಿದ ಮೇಲೆ, ಸಾಲದ ನೀರನ್ನು ಚಿಮುಕಿಸಿದರೆ ಸಾಕು. ನಿಂಬೆಹಣ್ಣಿಗಿಂತ ಕೊಂಚ ದಪ್ಪ ಉಂಡೆ ಹಿಡಿದು, ಎಣ್ಣೆ ಸವರಿದ ಬಾಳೆ ಎಲೆಯ ಮೇಲೋ ಹಾಳೆಯ ಮೇಲೋ ಇಟ್ಟು ನಾಲ್ಕು ಬೆರಳಲ್ಲಿ ಒತ್ತುತ್ತಾ ಸುತ್ತು ಬರಬೇಕು. ಅಂಚು ಒಂದಿಷ್ಟು ಸೀಳಿದರೆ ಸೀಳಲಿ, ಅದನ್ನು ತಿದ್ದಲು ಯಾರೂ ಹೋಗುವುದಿಲ್ಲ. ಆ ಸೀಳೇ ಮೊದಲು ಕೆಂಪಾಗಿ ಕಟಕಟ ಎನ್ನುತ್ತದೆ. ಅಂಚಿಗೆ ಬಂದ ಈರುಳ್ಳಿ ಎಳೆ ಸುಟ್ಟು ಸಿಹಿಯಾಗುತ್ತದೆ. ನುರಿತ ಕೈ ಒಂದನ್ನು ಎಣ್ಣೆಗೆ ಜಾರಿಸುವಷ್ಟರಲ್ಲಿ ಎಡಗೈ ಮುಂದಿನ ಉಂಡೆಯನ್ನು ಎಲೆಯ ಮೇಲಿಟ್ಟಿರುತ್ತದೆ. ನಡುವೆ ಮಾತೂ ಇಲ್ಲ, ಅವಸರವೂ ಇಲ್ಲ.

ಮಾರುವವರ ಚಾಕಚಕ್ಯತೆಯೂ ಕಡಿಮೆಯದಲ್ಲ. ಬುಟ್ಟಿಯ ಒಂದು ಬದಿಗೆ ಕಟ್ಟಿಟ್ಟ ಪೊಟ್ಟಣ, ಇನ್ನೊಂದು ಬದಿಗೆ ಬಿಡಿ ವಡೆ, ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ಚಿಲ್ಲರೆ ನೋಟು. ಯಾವ ಗಾಡಿಗೆ ಎಲ್ಲಿ ಕ್ರಾಸಿಂಗ್, ಯಾವ ಬೋಗಿಯಲ್ಲಿ ಕಾಲೇಜು ಹುಡುಗರು, ಯಾವುದರಲ್ಲಿ ಮದುವೆಗೆ ಹೊರಟ ಸಂಸಾರ ಎಂಬ ಲೆಕ್ಕ ತಲೆಯಲ್ಲಿರುತ್ತದೆ. ‘ಮಗೀಗೆ ಖಾರ ಆಗಲ್ವೇನಣ್ಣ?’ ಎಂದು ತಾಯಿಯೊಬ್ಬಳು ಕೇಳಿದರೆ, ‘ಇಲ್ಲ ಕಣಕ್ಕ, ಅಂಚು ಮುರ್ದು ಕೊಡಿ, ತಿನ್ನುತ್ತೆ’ ಎನ್ನುವಷ್ಟರಲ್ಲಿ ಪೊಟ್ಟಣ ಅವಳ ಮಡಿಲಲ್ಲಿ, ದುಡ್ಡು ಇವರ ಜೇಬಲ್ಲಿ. ಈಗ ಕಂಬಿಗೆ ನೇತುಹಾಕಿದ ಕ್ಯೂಆರ್ ಹಾಳೆ ಚಿಲ್ಲರೆಯ ತಾಪತ್ರಯವನ್ನೂ ಕಳೆದಿದೆ. ಇಂಥ ದುಡಿಮೆಯನ್ನು ಬರಿಯ ಕೂಗಾಟ ಎಂದು ಮುಖ ಸಿಂಡರಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ನಿಲ್ದಾಣದಲ್ಲಿ ಹುಟ್ಟಿದ ವಡೆ ಕ್ರಮೇಣ ರಸ್ತೆಗೂ ಬಂತು. ಮದ್ದೂರು ಟಿಫಾನೀಸ್ ಮೊದಲಾದ ಹೋಟೆಲುಗಳ ಮುಂದೆ ಕಾರು, ಬಸ್ಸು ನಿಲ್ಲಿಸಿ ವಡೆ ತಿಂದು ಕಾಫಿ ಕುಡಿದು ಹೋಗುವುದು ಮೈಸೂರು ಪ್ರಯಾಣದ ಭಾಗವೇ ಆಗಿತ್ತು. ಈ ನಡುವೆ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು, ಉಗಿಬಂಡಿ ಹೋಗಿ ಡೀಸೆಲ್, ಅದೂ ಹೋಗಿ ವಿದ್ಯುತ್ ಎಂಜಿನ್ ಬಂತು. ಹಳಿ ಜೋಡಿಯಾಯಿತು. ಗಾಡಿಗಳು ಮದ್ದೂರಿನಲ್ಲಿ ನಿಲ್ಲುವುದು ಒಂದೆರಡು ನಿಮಿಷಕ್ಕೆ ಇಳಿಯಿತು, ಕೆಲವು ನಿಲ್ಲುವುದೇ ಇಲ್ಲ. 2023ರ ಮಾರ್ಚ್ 12ರಂದು ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ಉದ್ಘಾಟಿಸಿದ 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಪ್ರಯಾಣದ ಹೊತ್ತನ್ನು ಅರ್ಧಕ್ಕೆ ಇಳಿಸಿತು. ಅದರ ಜೊತೆಗೇ ಹಳೆಯ ಹೆದ್ದಾರಿಯ ಹೋಟೆಲಿನವರ, ಚನ್ನಪಟ್ಟಣದ ಬೊಂಬೆ ಅಂಗಡಿಯವರ, ಎಳನೀರಿನವರ ವ್ಯಾಪಾರಕ್ಕೆ ಏಟು ಬಿತ್ತು. ಗಾಡಿ ನಿಲ್ಲುವುದನ್ನೇ ನಂಬಿ ಹುಟ್ಟಿದ ತಿಂಡಿಗೆ ಗಾಡಿಗಳು ನಿಲ್ಲುವುದೇ ಕಡಿಮೆಯಾದ ಕಾಲ ಬಂದಿದೆ.

ಆದರೂ ವಡೆ ಉಳಿದಿದೆ, ಹೊಸ ಪೊಟ್ಟಣಗಳಲ್ಲಿ ಬೆಂಗಳೂರಿನ ಬೇಕರಿಗಳಿಗೂ ಹೋಗಿದೆ. ನನಗೆ ಚಿಂತೆ ಇರುವುದು ಅದನ್ನು ಹೊತ್ತು ಮಾರುವವರ ಬಗ್ಗೆ. ಪರವಾನಗಿಯಿಲ್ಲದೆ ರೈಲಿನಲ್ಲಿ, ನಿಲ್ದಾಣದಲ್ಲಿ ಮಾರುವುದು 1989ರ ರೈಲ್ವೆ ಕಾಯ್ದೆಯ 144ನೇ ಕಲಮಿನಂತೆ ಅಪರಾಧ. ಈ ಮಾರ್ಗಕ್ಕೆ ಹೆಸರು ತಂದ ಕಸುಬಿನ ಕೈಗಳು ದಂಡಕ್ಕೆ ಹೆದರಿ ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ಜಾರಿಕೊಳ್ಳಬೇಕಾದ ಪರಿಸ್ಥಿತಿ ಸರಿಯಲ್ಲ. ಕೇಂದ್ರ ಸರ್ಕಾರವೇ 2022ರ ಬಜೆಟ್ಟಿನಲ್ಲಿ ‘ಒಂದು ನಿಲ್ದಾಣ, ಒಂದು ಉತ್ಪನ್ನ’ ಎಂಬ ಯೋಜನೆ ಪ್ರಕಟಿಸಿದೆ. ಬೆಂಗಳೂರಿನಿಂದ ಮೈಸೂರಿನವರೆಗೆ ಗಾಡಿಯೊಳಗೆ ವಡೆ ಮಾರುವವರನ್ನು ನೈಋತ್ಯ ರೈಲ್ವೆ ಪಟ್ಟಿ ಮಾಡಲಿ. ಶುಚಿತ್ವದ ತರಬೇತಿ, ಗುರುತಿನ ಚೀಟಿ, ಕೈಗೆಟುಕುವ ಶುಲ್ಕದಲ್ಲಿ ಪರವಾನಗಿ ಕೊಡಲಿ. ಮಂಡ್ಯದ ಸಂಸದರೂ ಮದ್ದೂರಿನ ಶಾಸಕರೂ ಪಕ್ಷ ನೋಡದೆ ಇದಕ್ಕೆ ಒಟ್ಟಿಗೆ ಪತ್ರ ಬರೆಯಬೇಕು.