ಬಿಸಿಲು, ಕ್ಲೋರಿನ್ ಮತ್ತು ಕರಿ ಪೈಪು

ಸಾಂಗಲಿ ಜಿಲ್ಲೆಯ ಜತ್ತ ತಾಲೂಕು ಮಳೆನೆರಳಿನ ಸೀಮೆ. ವಳಸಂಗದಂಥ ಊರುಗಳಿರುವ ಈ ಗಡಿಭಾಗದಲ್ಲಿ ದಾಳಿಂಬೆ, ದ್ರಾಕ್ಷಿ ಬದುಕಿರುವುದೇ ಡ್ರಿಪ್ ನೀರಿನಿಂದ. ಗಿಡದ ಬುಡಕ್ಕೆ ಹಾಸಿರುವ ಕರಿ ಲ್ಯಾಟರಲ್ ಪೈಪು ಪಾಲಿಥೀನಿನದು. ಪಾಲಿಥೀನ್ ಎಂದರೆ ಸಾವಿರಾರು ಕಾರ್ಬನ್ ಪರಮಾಣುಗಳು ಒಂಟಿ ಬಂಧದಿಂದ ಸಾಲುಗಟ್ಟಿ, ಉಳಿದ ಜಾಗವನ್ನೆಲ್ಲ ಹೈಡ್ರೋಜನ್ ತುಂಬಿಕೊಂಡ ಬಲು ಉದ್ದನೆಯ ಆಲ್ಕೇನ್. ಗೋಬರ್ ಗ್ಯಾಸಿನ ಮೀಥೇನ್, ಸಿಲಿಂಡರಿನ ಪ್ರೊಪೇನ್ ಮತ್ತು ಬ್ಯೂಟೇನ್, ಮೇಣದಬತ್ತಿಯ ಮೇಣ ಎಲ್ಲವೂ ಇದೇ ಮನೆತನದವು. ಕಾರ್ಬನ್ ಹೆಚ್ಚಿದಂತೆ ಅಣುಗಳ ನಡುವಿನ ಸೆಳೆತವೂ ಹೆಚ್ಚುತ್ತದೆ. ಮೀಥೇನ್ ಸೊನ್ನೆಗಿಂತ 161 ಡಿಗ್ರಿ ಕೆಳಗೇ ಕುದಿದರೆ, ಬ್ಯೂಟೇನ್ ಸೊನ್ನೆಯ ಆಸುಪಾಸಿನಲ್ಲಿ, ಹೆಕ್ಸೇನ್ 69 ಡಿಗ್ರಿಯಲ್ಲಿ ಕುದಿಯುತ್ತದೆ, ಮೇಣವಂತೂ ಗಟ್ಟಿ. ಇವು ನೀರಿನಲ್ಲಿ ಕರಗವು, ಸಾಮಾನ್ಯ ಆಸಿಡ್ಡಿಗೆ ಜಗ್ಗವು. ಪಠ್ಯಪುಸ್ತಕ ಇವನ್ನು ನಿಷ್ಕ್ರಿಯ ಎನ್ನುತ್ತದೆ. ಒಂದೆರಡು ಪುಟ ದಾಟಿದ ಮೇಲೆ ಬಿಸಿಲಿನಲ್ಲಿ ಕ್ಲೋರಿನ್ ಜತೆ ಜೋರಾಗಿ ವರ್ತಿಸುತ್ತವೆ ಎಂದೂ ಹೇಳುತ್ತದೆ. ಮಕ್ಕಳು ಎರಡನ್ನೂ ಬಾಯಿಪಾಠ ಮಾಡುತ್ತಾರೆ. ಎರಡೂ ನಿಜವಾಗಲು ಕಾರಣ ಒಂದೇ: ಯಾವ ಬಂಧ ಮೊದಲು ಮುರಿಯುತ್ತದೆ ಎಂಬ ಲೆಕ್ಕ. ಪೈಪು ಏಕೆ ಕಪ್ಪಗಿದೆ ಎಂಬುದಕ್ಕೂ ಅದೇ ಲೆಕ್ಕ ಉತ್ತರ ಕೊಡುತ್ತದೆ.

ಮೀಥೇನಿನ ಕಾರ್ಬನ್–ಹೈಡ್ರೋಜನ್ ಬಂಧ ಬಿಡಿಸಲು ಒಂದು ಮೋಲಿಗೆ ಸುಮಾರು 439 ಕಿಲೋಜೂಲ್ ಬೇಕು. ಅಷ್ಟು ಕಸುವಿರುವುದು 272 ನ್ಯಾನೋಮೀಟರಿಗಿಂತ ಗಿಡ್ಡ ಅಲೆಯ ಬೆಳಕಿಗೆ. ಆದರೆ ಓಝೋನ್ ಪದರ ಸೋಸಿದ ಮೇಲೆ ನೆಲಕ್ಕೆ ಮುಟ್ಟುವ ಬಿಸಿಲು ಶುರುವಾಗುವುದೇ ಸುಮಾರು 295ರಿಂದ. ಅಲ್ಲದೆ ಶುದ್ಧ ಆಲ್ಕೇನ್ ಈ ಬಿಸಿಲನ್ನು ಹೀರಿಕೊಳ್ಳುವುದೂ ಇಲ್ಲ. ಕ್ಲೋರಿನ್ ಹಾಗಲ್ಲ. ಅದರ ಎರಡು ಪರಮಾಣುಗಳ ನಡುವಿನ ಬಂಧಕ್ಕೆ 243 ಕಿಲೋಜೂಲ್ ಸಾಕು, ನೀಲಿ ಬೆಳಕೇ ಅದನ್ನು ಸೀಳಬಲ್ಲದು. ಕ್ಲೋರಿನ್ ಅನಿಲ ಹಳದಿ-ಹಸಿರಾಗಿ ಕಾಣುವುದು ಅದು ನೇರಳೆ, ನೀಲಿ ತುದಿಯ ಬೆಳಕನ್ನು ನುಂಗುವುದರಿಂದ. ಹಾಗಾಗಿ ಬಿಸಿಲು ಒಡೆಯುವುದು ಆಲ್ಕೇನನ್ನಲ್ಲ, ಕ್ಲೋರಿನ್ನನ್ನು. ಬಿಡಿಯಾದ ಕ್ಲೋರಿನ್ ಪರಮಾಣು ಮೀಥೇನಿನಿಂದ ಒಂದು ಹೈಡ್ರೋಜನ್ ಕಿತ್ತುಕೊಂಡು ಹೈಡ್ರೋಜನ್ ಕ್ಲೋರೈಡ್ ಆಗುತ್ತದೆ. ಅನಾಥವಾದ ಮೀಥೈಲ್ ಇನ್ನೊಂದು ಕ್ಲೋರಿನ್ ಅಣುವಿನಿಂದ ಒಂದು ಪರಮಾಣುವನ್ನು ಪಡೆದು ಕ್ಲೋರೋಮೀಥೇನ್ ಆಗುತ್ತದೆ, ಮತ್ತೊಂದು ಪರಮಾಣು ಬಿಡಿಯಾಗಿ ಉಳಿದು ಅದೇ ಕೆಲಸ ಮುಂದುವರಿಸುತ್ತದೆ. ಇದು ಬರೀ ಊಹೆ ಎನ್ನುವವರಿಗೆ ಸಾಕ್ಷಿ ಇದೆ. ಹೀರಿದ ಒಂದೊಂದು ಬೆಳಕಿನ ಕಣಕ್ಕೆ ಸಾವಿರಾರು ಅಣುಗಳು ತಯಾರಾಗುತ್ತವೆ. ಉತ್ಪನ್ನದಲ್ಲಿ ಒಂದಿಷ್ಟು ಈಥೇನ್ ಸಿಗುತ್ತದೆ. ಎರಡು ಮೀಥೈಲ್ ಒಂದಕ್ಕೊಂದು ಕೂಡಿದ್ದರಿಂದಲೇ ಅದು ಬಂದಿರಬೇಕು. ಕ್ರಿಯೆ ಅಲ್ಲಿಗೇ ನಿಲ್ಲದೆ ಡೈಕ್ಲೋರೋಮೀಥೇನ್, ಕ್ಲೋರೋಫಾರ್ಮ್, ಕಾರ್ಬನ್ ಟೆಟ್ರಾಕ್ಲೋರೈಡ್ ತನಕ ಹೋಗುತ್ತದೆ.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ಬಂಧ ಸಡಿಲವಿದ್ದಷ್ಟೂ ಕ್ರಿಯೆ ಸಲೀಸು ಎನ್ನುವುದಾದರೆ, 151 ಕಿಲೋಜೂಲಿಗೇ ಬಿಡಿಸಿಕೊಳ್ಳುವ ಅಯೋಡಿನ್ ಎಲ್ಲಕ್ಕಿಂತ ಮುಂದಿರಬೇಕಿತ್ತಲ್ಲ? ಅದು ಆಲ್ಕೇನ್ ಜತೆ ವರ್ತಿಸುವುದೇ ಇಲ್ಲ ಎನ್ನಬಹುದು. ಒಡೆಯುವುದು ಖರ್ಚಿನ ಲೆಕ್ಕವಾದರೆ, ಹೈಡ್ರೋಜನ್ ಜತೆ ಕೂಡಿದಾಗ ಸಿಗುವುದು ಆದಾಯ. ಹೈಡ್ರೋಜನ್ ಕಿತ್ತುಕೊಳ್ಳಲು 439 ತೆತ್ತ ಮೇಲೆ ಅಯೋಡಿನ್ನಿಗೆ ಮರಳುವುದು 298 ಮಾತ್ರ, ಬ್ರೋಮಿನ್ನಿಗೆ 366, ಕ್ಲೋರಿನ್ನಿಗೆ 431, ಫ್ಲೋರಿನ್ನಿಗೆ ಸುಮಾರು 570. ಆದ್ದರಿಂದ ಅಯೋಡಿನ್ ಮುಗ್ಗರಿಸುತ್ತದೆ, ಫ್ಲೋರಿನ್ ಸ್ಫೋಟಿಸುತ್ತದೆ. ಬ್ರೋಮಿನ್ ನಿಧಾನ, ಅದಕ್ಕೇ ಆಯ್ಕೆಯೂ ಜಾಸ್ತಿ: ಪ್ರೊಪೇನಿನಲ್ಲಿ ನಡುವಿನ ಕಾರ್ಬನ್ನನ್ನೇ ನೂರಕ್ಕೆ ಸುಮಾರು 97 ಸಲ ಹಿಡಿಯುತ್ತದೆ. ಅವಸರದ ಕ್ಲೋರಿನ್ ನಡು, ತುದಿ ಎಂದು ಅಷ್ಟಾಗಿ ನೋಡದೆ ಹೆಚ್ಚುಕಡಿಮೆ ಅರ್ಧರ್ಧ ಹಂಚಿಬಿಡುತ್ತದೆ.

ಮತ್ತೆ ಹೊಲಕ್ಕೆ ಬರೋಣ. ಬಿಸಿಲು ಆಲ್ಕೇನನ್ನು ಮುಟ್ಟದಿದ್ದರೆ ಬಿಳಿ ಪ್ಲಾಸ್ಟಿಕ್ ಹಾಳೆ ಒಂದೆರಡು ಬೇಸಿಗೆಯಲ್ಲಿ ಪುಡಿಯಾಗುವುದೇಕೆ? ಕಾರ್ಖಾನೆಯಲ್ಲಿ ಕಾಯಿಸಿ ಎಳೆಯುವಾಗಲೇ ಪಾಲಿಥೀನಿನಲ್ಲಿ ಅಲ್ಲಲ್ಲಿ ಆಮ್ಲಜನಕ ಸೇರಿರುತ್ತದೆ. ನೇರಳಾತೀತ ಕಿರಣವನ್ನು ಹೀರುವುದು ಆ ತಾಣಗಳು. ಕ್ಲೋರಿನ್ ಮಾಡಿದ ಕೆಲಸವನ್ನೇ ಅವು ಶುರುಮಾಡುತ್ತವೆ, ಗಾಳಿಯ ಆಮ್ಲಜನಕ ಸರಪಳಿಯನ್ನು ಮುಂದೊಯ್ಯುತ್ತದೆ. ಲ್ಯಾಟರಲ್ಲಿನಲ್ಲಿ ಶೇಕಡಾ ಎರಡು-ಎರಡೂವರೆಯಷ್ಟು ಕಾರ್ಬನ್ ಬ್ಲ್ಯಾಕ್ ಎಂಬ ಮಸಿ ಬೆರೆಸುವುದು ಇದಕ್ಕೇ. ಕಿರಣವನ್ನು ಮಸಿಯೇ ನುಂಗುತ್ತದೆ. ಹಾಗಾದರೆ ಪಾಚಿ ಕಟ್ಟಿದ ಡ್ರಿಪ್ಪರ್ ತೊಳೆಯಲು ಸೋಡಿಯಂ ಹೈಪೋಕ್ಲೋರೈಟ್ ಅಥವಾ ಬ್ಲೀಚಿಂಗ್ ಪೌಡರಿನ ತಿಳಿ ಬಿಟ್ಟಾಗ ಪೈಪು ಏಕೆ ಕೆಡುವುದಿಲ್ಲ? ಪ್ರಮಾಣ ಲೀಟರಿಗೆ ಕೆಲವು ಮಿಲಿಗ್ರಾಂ, ಹೊತ್ತು ಕಡಿಮೆ, ನೀರಿನಲ್ಲಿ ಅದು ಹೈಪೋಕ್ಲೋರಸ್ ಆಮ್ಲ ಮತ್ತು ಹೈಪೋಕ್ಲೋರೈಟ್ ರೂಪದಲ್ಲಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕರಿ ಪೈಪಿನ ಒಳಗೆ ಕತ್ತಲು. ಏನೂ ಆಗುವುದಿಲ್ಲ ಎಂದಲ್ಲ. ಪೈಪಿಗೆ ಸೇರಿಸಿದ ಕಾಪು ರಾಸಾಯನಿಕಗಳನ್ನು ಕ್ಲೋರಿನ್ ಮೆಲ್ಲಗೆ ಸವೆಸುತ್ತದೆ. ಅದಕ್ಕೇ ಬೇಕಾದಷ್ಟೇ ಬಿಡಬೇಕು.

ಬೆಳಕಿನಲ್ಲಿ ಹೈಡ್ರೋಜನ್ ತೆಗೆದು ಕ್ಲೋರಿನ್ ಕೂರಿಸುವ ಆ ಕ್ರಿಯೆಯನ್ನು ಬೇಕೆಂದೇ ನಡೆಸಿ ಮಾಡಿದ ಸಾಮಾನೂ ಮನೆಯಲ್ಲಿದೆ. ಬಿಸಿನೀರಿಗೆ ಹಾಕುವ ಕೆನೆಬಣ್ಣದ ಸಿಪಿವಿಸಿ ಪೈಪು ಅದು. ಪಿವಿಸಿ ಪುಡಿಯನ್ನು ನೀರಿನಲ್ಲಿ ಕಲಕಿ, ಕ್ಲೋರಿನ್ ಹಾಯಿಸಿ, ನೇರಳಾತೀತ ಬೆಳಕು ಬಿಟ್ಟರೆ ಇನ್ನಷ್ಟು ಹೈಡ್ರೋಜನ್ ಜಾಗದಲ್ಲಿ ಕ್ಲೋರಿನ್ ಕೂರುತ್ತದೆ. ಶೇಕಡಾ 57ರಷ್ಟಿದ್ದ ಕ್ಲೋರಿನ್ 63ರಿಂದ 67ಕ್ಕೆ ಏರುತ್ತದೆ. ಸಾದಾ ಪಿವಿಸಿ 60 ಡಿಗ್ರಿಯ ಹೊತ್ತಿಗೆ ಸೋತರೆ, ಇದು 90ರ ಆಸುಪಾಸನ್ನೂ ತಾಳುತ್ತದೆ. ಆದರೆ ಸುಟ್ಟಾಗ ಆ ಕ್ಲೋರಿನ್ ಹೈಡ್ರೋಜನ್ ಕ್ಲೋರೈಡಾಗಿ ಹೊರಬರುತ್ತದೆ. ಪಿವಿಸಿ, ಸಿಪಿವಿಸಿ ತುಂಡುಗಳನ್ನು ಕಸದ ಜತೆ ಬೆಂಕಿಗೆ ಹಾಕಬೇಡಿ. ಇನ್ನೂ ಮುಖ್ಯವಾದದ್ದು: ಉಪ್ಪಿನ ಪೊರೆ ತೆಗೆಯುವ ಆಸಿಡ್ಡನ್ನೂ ಪಾಚಿ ತೆಗೆಯುವ ಬ್ಲೀಚಿಂಗ್ ಪೌಡರನ್ನೂ ಒಂದೇ ಡ್ರಮ್ಮಿನಲ್ಲಿ ಎಂದಿಗೂ ಬೆರೆಸಬೇಡಿ. ಎರಡೂ ಕೂಡಿದರೆ ಅಲ್ಲೇ ಕ್ಲೋರಿನ್ ಅನಿಲ ಎದ್ದು ಶ್ವಾಸಕೋಶವನ್ನು ಸುಡುತ್ತದೆ. ಒಂದು ಮುಗಿದ ಮೇಲೆ ಡ್ರಮ್ಮು, ಪೈಪು ಎರಡನ್ನೂ ಸಾದಾ ನೀರಿನಿಂದ ಚೆನ್ನಾಗಿ ತೊಳೆದೇ ಇನ್ನೊಂದನ್ನು ಬಿಡಿ.