ಮಂಗಳನ ಮಣ್ಣಿಗೆ ನೀರು ಬಿಟ್ಟರೆ ಸಾಕೇ?

ಪಕ್ಕದ ಚಳ್ಳಕೆರೆ ತಾಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೊ ಕೃತಕ ಗುಳಿಗಳನ್ನು ತೋಡಿಸಿ ಚಂದ್ರಯಾನದ ಉಪಕರಣಗಳನ್ನು ಪರೀಕ್ಷಿಸಿದ ಮೇಲೆ, ಬೇರೆ ಲೋಕದ ಮಾತು ಜಗಳೂರು ತಾಲೂಕಿನ ಸೊಕ್ಕೆಗೂ ಹತ್ತಿರವಾಗಿದೆ. ಮಂಗಳದಲ್ಲಿ ಜನ ಊರು ಕಟ್ಟುತ್ತಾರಂತೆ ಎಂದರೆ ಮಳೆ ನಂಬಿದ ರೈತ ಮೊದಲು ಕೇಳುವುದು ನೀರಿನ ವಿಚಾರ. ತುಂಗಭದ್ರೆಯ ನೀರೆತ್ತಿ ತಾಲೂಕಿನ 57 ಕೆರೆ ತುಂಬಿಸುವ ಯೋಜನೆಗೆ ವರ್ಷಗಟ್ಟಲೆ ಕಾದ ಸೀಮೆ ಇದು. ಮಣ್ಣು ಕೆಂಪಗಿದೆ, ನೀರೊಂದಿದ್ದರೆ ಬೆಳೆ ಬಂದೇ ಬರುತ್ತದೆ ಎಂಬ ನಂಬಿಕೆ ಇಲ್ಲಿ ಸಹಜ.

ಆದರೆ ಮಂಗಳದಲ್ಲಿ ನೀರಿದೆ; ಧ್ರುವಗಳಲ್ಲಿ, ನೆಲದಡಿಯಲ್ಲಿ ಮಂಜುಗಡ್ಡೆಯಾಗಿ ಕೂತಿದೆ. ತೊಡಕಿರುವುದು ಮಣ್ಣಿನಲ್ಲೇ. 2008ರಲ್ಲಿ ನಾಸಾದ ಫೀನಿಕ್ಸ್ ನೌಕೆ ಅಲ್ಲಿನ ಮಣ್ಣು ಪರೀಕ್ಷಿಸಿದಾಗ ಪರ್‌ಕ್ಲೋರೇಟ್ ಎಂಬ ಲವಣ ಸಿಕ್ಕಿತು. ಅದು ಹೊಟ್ಟೆ ಸೇರಿದರೆ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ದಕ್ಕದಂತೆ ಮಾಡುತ್ತದೆ. ಕೊಳೆತು ಗೊಬ್ಬರವಾಗಲು ಎಲೆಯಿಲ್ಲ, ಎರೆಹುಳುವಿಲ್ಲ. ಗಾಳಿಯ ಒತ್ತಡ ನಮ್ಮದರ ಶೇ 1ಕ್ಕಿಂತ ಕಡಿಮೆ, ಬಯಲಲ್ಲಿ ಬಿಟ್ಟ ನೀರು ಹೊಲದಲ್ಲಿ ನಿಲ್ಲುವುದಿಲ್ಲ. ಆವಿಯಾಗುತ್ತದೆ, ಇಲ್ಲವೇ ಹೆಪ್ಪುಗಟ್ಟುತ್ತದೆ.

ಹಾಗಾದರೆ ಮುಚ್ಚಿದ ಮನೆಯೊಳಗೆ ಬೆಳೆದುಕೊಂಡು ಯಾರ ಹಂಗೂ ಇಲ್ಲದೆ ಬದುಕಬಹುದೇ? ಅಮೆರಿಕದ ಅರಿಜೋನಾದಲ್ಲಿ ಇದನ್ನು ಮಾಡಿ ನೋಡಿದ್ದಾರೆ. 1991ರಲ್ಲಿ 8 ಜನ ಮೂರು ಎಕರೆಗೂ ಮಿಕ್ಕಿದ ಗಾಜಿನ ಆವರಣ ‘ಬಯೋಸ್ಫಿಯರ್ 2’ರ ಬಾಗಿಲು ಹಾಕಿಕೊಂಡು ಬೇಸಾಯಕ್ಕಿಳಿದರು. ಮಣ್ಣು ಫಲವತ್ತಾಗಿತ್ತು, ಕಷ್ಟ ಬಂದದ್ದೂ ಅದರಿಂದಲೇ. ಗೊಬ್ಬರ ಕೊಳೆಸುವ ಸೂಕ್ಷ್ಮಜೀವಿಗಳು ಆಮ್ಲಜನಕ ಉಂಡು ಇಂಗಾಲದ ಡೈಆಕ್ಸೈಡ್ ಬಿಟ್ಟವು. ಅದರಲ್ಲಿ ಬಹುಪಾಲನ್ನು ಗಿಡಗಳಿಗೆ ಸಿಗುವ ಮೊದಲೇ ಕಾಂಕ್ರೀಟ್ ಗೋಡೆಗಳು ಹೀರಿಕೊಂಡವು. ಹದಿನಾರು ತಿಂಗಳಲ್ಲಿ ಆಮ್ಲಜನಕ ಶೇ 20.9ರಿಂದ ಸುಮಾರು ಶೇ 14ಕ್ಕೆ ಇಳಿಯಿತು. 1993ರ ಜನವರಿಯಲ್ಲಿ ಹೊರಗಿನಿಂದ ತುಂಬಿಸಬೇಕಾಯಿತು. ಅಲ್ಲಿ ಬಾಗಿಲಾಚೆಗೆ ಭೂಮಿ ಇತ್ತು. ಮಂಗಳಕ್ಕೆ ನೌಕೆ ಕಳಿಸುವ ಅನುಕೂಲ ಕಾಲ 26 ತಿಂಗಳಿಗೊಮ್ಮೆ ಮಾತ್ರ ಬರುತ್ತದೆ, ಪಯಣಕ್ಕೆ ಆರೇಳು ತಿಂಗಳು ಬೇರೆ. ‘ಕಷ್ಟದಲ್ಲಿದ್ದೇವೆ’ ಎಂಬ ಮಾತು ಇಲ್ಲಿಗೆ ಮುಟ್ಟಲೇ 3ರಿಂದ 22 ನಿಮಿಷ ಬೇಕು.

ಚಿತ್ರಗಳಲ್ಲಿ ಕಾಣುವ ಗಾಜಿನ ಗುಮ್ಮಟದ ಊರೂ ಕಲ್ಪನೆಯೇ. ಮಂಗಳದ ಮೇಲೆ ಓಡಾಡುವ ನಾಸಾದ ಕ್ಯೂರಿಯಾಸಿಟಿ ರೋವರ್ ಅಳೆದ ವಿಕಿರಣದ ಲೆಕ್ಕದಲ್ಲಿ, ನಾವು ಇಲ್ಲಿ ವರ್ಷವಿಡೀ ಸಹಜವಾಗಿ ಪಡೆಯುವಷ್ಟನ್ನು ಅಲ್ಲಿ ನಾಲ್ಕೇ ದಿನದಲ್ಲಿ ಪಡೆಯುತ್ತೇವೆ. ಆದ್ದರಿಂದ ದಪ್ಪ ಮಣ್ಣಿನ ಹೊದಿಕೆಯಡಿಯಲ್ಲೇ ವಾಸ. ಸಿಮೆಂಟು ಹೊತ್ತೊಯ್ಯುವಂತಿಲ್ಲ, ಅಲ್ಲಿಯ ಮಣ್ಣಲ್ಲೇ ಇಟ್ಟಿಗೆ ಆಗಬೇಕು.

ಅಂಥ ಇಟ್ಟಿಗೆ ಮಾಡುವ ಕೆಲಸ ಬೆಂಗಳೂರಿನಲ್ಲಿ ನಡೆದಿದೆ ಎಂಬುದು ನಮ್ಮ ಜನಕ್ಕೆ ಹೆಚ್ಚು ಗೊತ್ತಿಲ್ಲ, ಗೊತ್ತಾಗಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಅಲೋಕ್ ಕುಮಾರ್ ಅವರ ತಂಡ ಇಸ್ರೊ ಜತೆಗೂಡಿ 2022ರಲ್ಲಿ ಪ್ರಕಟಿಸಿದ ವಿಧಾನದ ಸಾಮಗ್ರಿಗಳಲ್ಲಿ ಎರಡನ್ನು ಸೊಕ್ಕೆಯ ಯಾವ ರೈತನಿಗೂ ಪರಿಚಯಿಸಬೇಕಿಲ್ಲ: ಯೂರಿಯಾ ಮತ್ತು ಗೋರಿಕಾಯಿ ಬೀಜದ ಅಂಟು. ಇವನ್ನು ಮಂಗಳನ ಮಾದರಿಯ ಮಣ್ಣಿಗೆ ಕಲಸಿ, ಒಂದು ಬ್ಯಾಕ್ಟೀರಿಯಾ ಸೇರಿಸಿ ಅಚ್ಚಿಗೆ ಹೊಯ್ಯುತ್ತಾರೆ. ಬ್ಯಾಕ್ಟೀರಿಯಾ ಯೂರಿಯಾ ಒಡೆದು ಸುಣ್ಣದ ಹರಳು ಕಟ್ಟುತ್ತದೆ, ಕೆಲವು ದಿನಗಳಲ್ಲಿ ಮಣ್ಣು ಗಟ್ಟಿಯಾಗುತ್ತದೆ. ಮೊದಮೊದಲು ಬ್ಯಾಕ್ಟೀರಿಯಾ ಬೆಳೆಯಲೇ ಇಲ್ಲ. ಆ ಮಣ್ಣಿನ ಕಬ್ಬಿಣ ಅದಕ್ಕೆ ವಿಷವಾಗಿತ್ತು. ನಿಕಲ್ ಕ್ಲೋರೈಡ್ ಬೆರೆಸಿದ ಮೇಲೆ ಬದುಕಿಕೊಂಡಿತು. ಭೂಮಿಯ ಗಾಳಿಯಲ್ಲಿ ಕಟ್ಟಿದ ಈ ಇಟ್ಟಿಗೆ, ಮಂಗಳನ ಇಂಗಾಲದ ಡೈಆಕ್ಸೈಡೇ ತುಂಬಿದ ತೆಳು ಗಾಳಿಯಲ್ಲಿ, ಇಲ್ಲಿಯ ಶೇ 38ರಷ್ಟೇ ಇರುವ ಗುರುತ್ವದಲ್ಲಿ ಹೀಗೇ ಕಟ್ಟೀತೇ ಎಂಬುದನ್ನು ತಂಡ ಮುಂದಿನ ಪ್ರಶ್ನೆಯಾಗಿ ಎತ್ತಿಕೊಂಡಿತು.