ಮನೆಗೆ ಬಂದ ಮೂಕ ಅತಿಥಿಗಳು

ಹಸು, ಎತ್ತು, ನಾಯಿ, ಬೆಕ್ಕು, ಗಿಳಿ ಇವು ನಮ್ಮ ಮನೆತನಗಳಿಗೆ ಹೊಸಬರಲ್ಲ. ಆದರೆ ಮೀನು? ಶಾಕಾಹಾರವನ್ನೇ ವ್ರತದಂತೆ ಪಾಲಿಸಿಕೊಂಡು ಬಂದ ಮನೆಯಲ್ಲಿ ಆ ಹೆಸರೆತ್ತುವುದೇ ಅಪರೂಪ. ಹೀಗಿರುವಾಗ ಮಕ್ಕಳ ಹಠಕ್ಕೆ ಮಣಿದು ನಮ್ಮ ಮನೆಯವರು ಒಂದು ಸಂಜೆ ಗಾಜಿನ ತೊಟ್ಟಿಯೊಂದನ್ನೂ, ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಐದು ಹೊಂಬಣ್ಣದ ಗೋಲ್ಡ್ ಫಿಶ್‌ಗಳನ್ನೂ ತಂದಾಗ, ಪಡಸಾಲೆಯಲ್ಲಿ ಕುಳಿತಿದ್ದ ಅತ್ತೆಯವರು ಕನ್ನಡಕ ಸರಿಪಡಿಸಿಕೊಂಡು ಕೇಳಿದರು: "ಏನಪಾ ಇದು? ಲಿಂಗಪೂಜಿ ಮಾಡೋ ಮನ್ಯಾಗ ಮೀನ ತಂದೀಯಲ್ಲ, ಮಂದಿ ಏನಂದಾರು?"

"ತಿನ್ನಾಕಲ್ಲ ಅಜ್ಜಿ, ನೋಡಾಕ!" ಎಂದು ಮೊಮ್ಮಗ ಕೂಗಿದ. ಅಜ್ಜಿಯ ಮುಖ ಸಡಿಲಾಯಿತು. ಆದರೂ ತೊಟ್ಟಿ ದೇವರಕೋಣೆಯತ್ತ ಸುಳಿಯಬಾರದೆಂಬ ಕರಾರಿನ ಮೇಲೆಯೇ ಅದಕ್ಕೆ ಮನೆಯೊಳಗೆ ಪ್ರವೇಶ ದೊರೆಯಿತು.

ಮೊದಲ ಅಚ್ಚರಿ ತೂಕದ್ದು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಕಣ್ಣಿಗೆ ಸಣ್ಣದೇ. ಅದನ್ನು ಮಕ್ಕಳ ಓದುವ ಮೇಜಿನ ಮೇಲಿಟ್ಟು ಕೊಡಗಳಿಂದ ನೀರು ಸುರಿಯತೊಡಗಿದಾಗ ಮೇಜು ನರಳಿತು. ಲೆಕ್ಕ ಹಾಕಿದರೆ, ಅದರಲ್ಲಿ ಹಿಡಿಯುವ ನೀರು 50 ಲೀಟರಿಗೂ ಹೆಚ್ಚು. ಅಂದರೆ 50 ಕಿಲೋಗೂ ಮಿಕ್ಕ ಭಾರ. ಗಾಜು, ಕಲ್ಲು, ಮರಳಿನ ತೂಕ ಬೇರೆ. ಜೋಳದ ಚೀಲವನ್ನು ಹೊರಬಲ್ಲ ಗಟ್ಟಿಯಾದ ಕಟ್ಟೆಯೇ ಇದಕ್ಕೆ ಬೇಕೆಂಬುದು ಅಂದು ತಿಳಿಯಿತು.

ಎರಡನೆಯ ಅಚ್ಚರಿ ಮರುದಿನ ಬೆಳಗಿನ ಜಾವದ್ದು. ನಸುಕಿನಲ್ಲೆದ್ದ ಅತ್ತೆಯವರು ದೀಪ ಹಾಕಿ ನೋಡುತ್ತಾರೆ: ಐದೂ ಮೀನುಗಳು ಬಣ್ಣಗುಂದಿ, ಕಣ್ಣು ತೆರೆದುಕೊಂಡು, ಅಲುಗಾಡದೆ ನಿಂತಿವೆ. "ಏಳ್ರೆಲೇ, ಎಲ್ಲಾ ಸತ್ತಾವ!" ಎಂಬ ಕೂಗಿಗೆ ಮನೆಮಂದಿಯೆಲ್ಲ ಹಾಸಿಗೆ ಬಿಟ್ಟು ಓಡಿ ಬಂದರು. ಅಷ್ಟರಲ್ಲಿ ಮೀನುಗಳು ಬಾಲ ಬೀಸುತ್ತ ಓಡಾಡತೊಡಗಿದ್ದವು. ಅವು ನಿದ್ರಿಸುತ್ತಿದ್ದವು, ಅಷ್ಟೇ. ಈ ಮೀನುಗಳಿಗೆ ಕಣ್ಣುರೆಪ್ಪೆಗಳಿಲ್ಲ. ಆದ್ದರಿಂದ ಕಣ್ಣು ಮುಚ್ಚುವ ಪ್ರಶ್ನೆಯೇ ಇಲ್ಲ. ಕತ್ತಲೆಯಲ್ಲಿ ಬಣ್ಣ ತುಸು ಮಾಸುವುದೂ ಸಹಜ. ಮಲಗಿದವರನ್ನು ಎಬ್ಬಿಸಿದ ತಪ್ಪಿಗೆ ಅಜ್ಜಿಯೇ ಅಂದು ಮೊದಲ ಆಹಾರ ಹಾಕಿದರು.

ಇಲ್ಲಿಂದಲೇ ನಮ್ಮ ತಪ್ಪು ಆರಂಭವಾಯಿತೆನ್ನಬೇಕು. ಗಾಜಿನ ಬಳಿ ಯಾರೇ ಬರಲಿ, ಮೀನುಗಳು ಓಡಿ ಬಂದು ಬಾಯಿ ತೆರೆಯುತ್ತಿದ್ದವು. ಗೋಲ್ಡ್ ಫಿಶ್‌ಗೆ ಮೂರೇ ಕ್ಷಣದ ನೆನಪೆಂಬ ಮಾತು ಬರೀ ಕಟ್ಟುಕಥೆ. ಅನ್ನ ಕೊಡುವವರನ್ನೂ, ಅನ್ನದ ವೇಳೆಯನ್ನೂ ಅವು ಬೇಗನೆ ಕಲಿಯುತ್ತವೆ. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸದ ಮನೆ ನಮ್ಮದು. ಶಾಲೆಗೆ ಹೊರಡುವಾಗ ಮಗ, ಪೂಜೆಯ ನಂತರ ಮನೆಯವರು, ಮಧ್ಯಾಹ್ನ ನಾನು, ಸಂಜೆ ಮಗಳು, ನಡುನಡುವೆ ಪ್ರಸಾದದ ಅನ್ನದ ಅಗುಳು ಹಿಡಿದ ಅಜ್ಜಿ, ಹೀಗೆ ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಹಾಕಿದ್ದೇ ಹಾಕಿದ್ದು. ನೀರು ಮಜ್ಜಿಗೆಯಂತೆ ಮಬ್ಬಾಯಿತು. ಸ್ವಚ್ಛತೆಯ ಉತ್ಸಾಹದಲ್ಲಿ ನಾನು ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಕಲ್ಲುಗಳನ್ನು ಉಜ್ಜಿ ತೊಳೆದು, ನಲ್ಲಿಯ ಹೊಸ ನೀರನ್ನು ತುಂಬಿದೆ. ವಾರ ತುಂಬುವುದರೊಳಗೆ ಮೂರು ಮೀನುಗಳು ತೇಲಿದವು.

ಅಂದು ಮನೆಯಲ್ಲಿ ಯಾರೂ ನಗಲಿಲ್ಲ. ಮಗಳು ಹಿತ್ತಲಿನ ದಾಸವಾಳದ ಬುಡದಲ್ಲಿ ಗುಂಡಿ ತೋಡಿ, ಹಿರಿಯರಿಗೆ ಮಾಡುವುದನ್ನು ನೋಡಿದ್ದಂತೆ ಚಿಟಿಕೆ ವಿಭೂತಿಯಿರಿಸಿ, ಮೂರನ್ನೂ ಮಣ್ಣು ಮಾಡಿದಳು. ಅತ್ತೆಯವರು ಆ ಹೊತ್ತು ಊಟ ಮಾಡಲಿಲ್ಲ.

ಅಂಗಡಿಯವರನ್ನು ವಿಚಾರಿಸಿದೆ. "ದಿನಕ್ಕ ಎಷ್ಟು ಸಲ ಹಾಕ್ತೀರಿ ಅಕ್ಕಾರ? ಯಾರು ಹಾಕ್ತೀರಿ?" ಎಂದರು. "ಎಲ್ಲಾರೂ" ಎಂದೆ. "ಹಂಗಾರ ಅವು ಹಸದು ಸತ್ತಿಲ್ರೀ, ನಿಮ್ಮ ಪ್ರೀತಿಗೇ ಸತ್ತಾವ" ಎಂದುಬಿಟ್ಟರು.

ವಿಷಯ ಹೀಗಿದೆ. ಉಳಿದ ಆಹಾರ ಮತ್ತು ಮೀನುಗಳ ಮಲ ಕೊಳೆತು ಅಮೋನಿಯಾ ಎಂಬ ವಿಷವಾಗುತ್ತದೆ. ಕಲ್ಲು, ಮರಳು, ಶೋಧಕಗಳ ಮೇಲೆ ತಾವಾಗಿ ಬೆಳೆಯುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ಜೀವಿಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಬೇಕು. ನಾನು ಉಜ್ಜಿ ತೊಳೆದದ್ದು ಕೊಳೆಯನ್ನಲ್ಲ, ಕಣ್ಣಿಗೆ ಕಾಣದೆ ಕಾಯಕ ಮಾಡುತ್ತಿದ್ದವರನ್ನು! ನಲ್ಲಿಯ ನೀರಿನ ಕ್ಲೋರಿನ್ ಕೂಡ ಮೀನಿಗೂ ಆ ಜೀವಿಗಳಿಗೂ ಶತ್ರು. ವಾರಕ್ಕೊಮ್ಮೆ ನೀರಿನ ನಾಲ್ಕನೆಯ ಒಂದು ಭಾಗವನ್ನು ಮಾತ್ರ ತೆಗೆದು, ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋಗಿಸಿದ ನೀರನ್ನು ಸೇರಿಸಿದರೆ ಸಾಕು. ಆಹಾರವೂ ದಿನಕ್ಕೆ ಒಂದೆರಡು ಸಲ, ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು. ಅಷ್ಟು ಸಣ್ಣ ತೊಟ್ಟಿಗೆ ಐದು ಗೋಲ್ಡ್ ಫಿಶ್ ಹೆಚ್ಚೆಂಬುದೂ ಆಮೇಲೆ ತಿಳಿಯಿತು.

ಅಂದಿನಿಂದ ತೊಟ್ಟಿಯ ಪಕ್ಕದಲ್ಲಿ ಒಂದು ಪಾಟಿ ತೂಗಿತು. ಅದರ ಮೇಲೆ ಗುರುತು ಹಾಕುವ ಅಧಿಕಾರ ಅಜ್ಜಿಗೆ ಮಾತ್ರ. ಅವರ ಅಪ್ಪಣೆಯಿಲ್ಲದೆ ಒಂದು ಕಾಳೂ ನೀರಿಗೆ ಬೀಳದಾಯಿತು. ಒಂದು ರಾತ್ರಿ ವಿದ್ಯುತ್ ಹೋಗಿ ಗಾಳಿಯ ಪಂಪು ನಿಂತಾಗ, ತಂಬಿಗೆಯಿಂದ ತೊಟ್ಟಿಯ ನೀರನ್ನೇ ಮೊಗೆದು ಮೇಲಿನಿಂದ ಸುರಿಯುತ್ತ ಗಾಳಿ ಬೆರೆಸಿದವರೂ ಅವರೇ.

ಅಚ್ಚರಿಗಳು ಅಲ್ಲಿಗೇ ಮುಗಿಯಲಿಲ್ಲ. ಮಗಳ ಗೆಳತಿ ಒಂದು ಗಪ್ಪಿ ಮೀನು ಕೊಟ್ಟಳು. ಬೇರೊಂದು ಸಣ್ಣ ತೊಟ್ಟಿಯಲ್ಲಿ ಒಂಟಿಯಾಗಿದ್ದ ಅದು ಒಂದು ಬೆಳಗ್ಗೆ ಹದಿನೈದು ಮರಿಗಳ ತಾಯಿಯಾಗಿತ್ತು. ಗಪ್ಪಿ ಮೊಟ್ಟೆಯಿಡದೆ ಮರಿಗಳನ್ನೇ ಈಯುತ್ತದೆ. ಒಮ್ಮೆ ಗಂಡಿನೊಡನೆ ಕೂಡಿದ ಹೆಣ್ಣು ತಿಂಗಳುಗಟ್ಟಲೆ ಮತ್ತೆ ಮತ್ತೆ ಈಯಬಲ್ಲದು. ಸಂಭ್ರಮದಿಂದ ಓಣಿಗೆಲ್ಲ ಸಕ್ಕರೆ ಹಂಚಿ ಬಂದ ಅಜ್ಜಿ ಮರುದಿನ ಎಣಿಸಿದರೆ ಮರಿಗಳು ಐದೇ! ತಾಯಿಯೇ ತಿಂದಿತ್ತು. "ಇದೆಂಥಾ ತಾಯಿಯವ್ವಾ!" ಎಂದು ಅವರು ಹೌಹಾರಿದರು. ಅದು ಕ್ರೌರ್ಯವಲ್ಲ, ಮರಿಯೆಂಬ ಗುರುತೇ ಆ ಜೀವಿಗಿಲ್ಲ ಎಂದು ತಿಳಿಸಿದ ಮೇಲೆ, ಮರಿಗಳು ಅಡಗಲು ದಟ್ಟವಾದ ನೀರುಗಿಡಗಳನ್ನು ತಾವೇ ಹೇಳಿ ತರಿಸಿದರು. ಆ ಗಿಡಗಳಿಗೆ ಅಂಟಿಕೊಂಡು ಬಂದ ಬಸವನಹುಳುಗಳು ತಿಂಗಳೊಳಗೆ ಗಾಜನ್ನೆಲ್ಲ ಆವರಿಸಿದ್ದು ಇನ್ನೊಂದು ವಿನೋದ.

ಕೊನೆಯ ಪರೀಕ್ಷೆ ಸಕ್ಕರ್ ಮೀನಿನದು. ಗಾಜಿನ ಪಾಚಿ ತಿನ್ನುತ್ತದೆಂದು ಎರಡು ಇಂಚಿನ ಮರಿಯನ್ನು ತಂದಿದ್ದೆವು. ಎರಡು ವರ್ಷಗಳಲ್ಲಿ ಅದು ಗೇಣುದ್ದವಾಗಿ, ತೊಟ್ಟಿಯಲ್ಲಿ ತಿರುಗಲು ಜಾಗವಿಲ್ಲದಾಯಿತು. "ಪಾಪ, ಕೆರಿಗೆ ಬಿಡ್ರಿ, ಆರಾಮ ಇರಲಿ" ಎಂದರು ಅತ್ತೆಯವರು. ಮಾತಿನಲ್ಲಿ ಕರುಣೆಯಿತ್ತು. ಆದರೆ ದಕ್ಷಿಣ ಅಮೆರಿಕದ ಈ ಮೀನು ಇಲ್ಲಿಯ ನೀರಿಗೆ ಪರಕೀಯ; ಹೀಗೆ ಬಿಟ್ಟವು ಭಾರತದ ಕೆರೆ-ಹೊಳೆಗಳಲ್ಲಿ ಬೀಡುಬಿಟ್ಟು, ದಡಗಳಲ್ಲಿ ಬಿಲ ತೋಡಿ, ನಮ್ಮ ನಾಡಿನ ಮೀನುಗಳ ಆಹಾರಕ್ಕೂ ನೆಲೆಗೂ ಕುತ್ತು ತಂದಿವೆ. ಇದನ್ನು ಕೇಳಿ ಅವರು ರಾತ್ರಿಯೆಲ್ಲ ಯೋಚಿಸಿದರು. ಬೆಳಗ್ಗೆ, "ಒಂದಕ್ಕ ದಯಾ ತೋರ್ಸಾಕ ಹೋಗಿ ನೂರಕ್ಕ ಕೇಡ ಮಾಡೂದು ಬ್ಯಾಡ. ದೊಡ್ಡ ತೊಟ್ಟಿ ಇದ್ದವರಿಗೆ ಕೊಡ್ರಿ" ಎಂದರು. ಹಾಗೆಯೇ ಮಾಡಿದೆವು.

ಸಕಲ ಜೀವಿಗಳಲ್ಲಿ ದಯೆಯಿರಬೇಕೆಂದು ಶರಣರು ಕಲಿಸಿದರು. ಅರಿವನ್ನೂ ಅಷ್ಟೇ ಎತ್ತರದಲ್ಲಿಟ್ಟರು. ಈ ಎರಡೂ ಏಕೆ ಜೊತೆಗಿರಬೇಕೆಂಬುದನ್ನು ನಮಗೆ ಮನಗಾಣಿಸಿದವು ಮಾತು ಬಾರದ ಈ ಅತಿಥಿಗಳು. ಉಳಿದೆರಡು ಗೋಲ್ಡ್ ಫಿಶ್‌ಗಳು ಇಂದಿಗೂ ಅಜ್ಜಿಯ ಕೋಲಿನ ಸಪ್ಪಳಕ್ಕೆ ಗಾಜಿನತ್ತ ಧಾವಿಸುತ್ತವೆ. ಅವರು ಮೊದಲು ಪಾಟಿಯನ್ನು ನೋಡುತ್ತಾರೆ. ಆಮೇಲಷ್ಟೇ ಡಬ್ಬಿಯ ಮುಚ್ಚಳ ತೆರೆಯುತ್ತಾರೆ.